ಕೊನೆಯ ರೀಲಿನ ಮಾತು

ಬೆಳಿಗ್ಗೆ ಹಿತ್ತಿಲಲ್ಲಿ ನಿಂತು ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಬೆಟ್ಟದ ಕಡೆಯಿಂದ ಎರಡು ಗುಂಡಿನ ಸದ್ದು ಬಂತು, ಒಂದರ ಬೆನ್ನಿಗೇ ಇನ್ನೊಂದು. ರೇವಣ್ಣ ಕತ್ತಿಯನ್ನು ಕೆನ್ನೆಯ ಮೇಲೇ ಹಿಡಿದು ನಿಂತ. ಒಂದೇ ಆಗಿದ್ದರೆ ಯಾರ ಮನೆಯಲ್ಲೋ ಗಂಡುಮಗು. ಎರಡೆಂದರೆ ಸಾವು. ಯಾವ ಕೊಡವರ ಮನೆ, ಮುದುಕನೋ ಮುದುಕಿಯೋ ಎಂದು ಮೂರ್ನಾಡಿನ ಪೇಟೆಯಲ್ಲಿ ಇಷ್ಟು ಹೊತ್ತಿಗೆ ಊಹೆ ಶುರುವಾಗಿರುತ್ತದೆ. ಎರಡು ಗುಂಡು, ಮುಗಿಯಿತು. ಹೇಗೆ ಸತ್ತರು, ಏನೆಂದು ಸತ್ತರು, ಯಾರ ಕೈಯಿಂದ ನೀರು ಕುಡಿದರು, ಇದೊಂದನ್ನೂ ಬಂದೂಕು ಹೇಳುವುದಿಲ್ಲ, ಅದನ್ನು ಯಾರೂ ಕೇಳುವುದೂ ಇಲ್ಲ. ಪುಣ್ಯವಂತರಪ್ಪ ಇವರು ಅಂದುಕೊಂಡ. ಅಂದುಕೊಳ್ಳುವಷ್ಟರಲ್ಲಿ ಕತ್ತಿ ಜಾರಿ ಗಲ್ಲದ ಹತ್ತಿರ ಸಣ್ಣಗೆ ರಕ್ತ ಬಂತು. ನಾಳೆಗೆ ಹೆಂಡತಿ ಕಾಂತಮ್ಮ ಹೋಗಿ ವರ್ಷ. ಸಮಾಧಿಗೆ ಪೂಜೆ ಮಾಡಿಸಲು ಅವಳ ತಾಯಿ ರುದ್ರಮ್ಮ ಶನಿವಾರಸಂತೆಯಿಂದ ಇವತ್ತು ಮಧ್ಯಾಹ್ನದ ಬಸ್ಸಿಗೆ ಬರುತ್ತಾರೆ. ಬರಲಿ, ಬರಬೇಕಾದವರೇ. ಆದರೆ ಮನೆಯ ಹಿಂಬಾಗಿಲು ತೆಗೆದರೆ ಕುಯ್ಲಾದ ಗದ್ದೆಯ ಎರಡು ಬದುವಿನಾಚೆ ಕಣ್ಣಿಗೆ ಹೊಡೆಯುವುದೇ ಸಾಂತಪ್ಪನ ಬಯಸ್ಕೋಪಿನ ಟೆಂಟು. ಹೋದ ವರ್ಷವೂ ಅದೇ ಗದ್ದೆಯಲ್ಲೇ ಇತ್ತು. ಹುತ್ತರಿ ಕಳೆದು ನೆಲ ಗಟ್ಟಿಯಾದ ಮೇಲೆ ಹುದಿಕೇರಿಯ ಆಟ ಮುಗಿಸಿಕೊಂಡು ಅದು ಇಲ್ಲಿಗೆ ಬರುತ್ತದೆ. ಈ ವರ್ಷ ಜನ ಕೇಳಿದರೆಂದು ಸಾಂತಪ್ಪ ಹೋದ ವರ್ಷದ ಚಿತ್ರವನ್ನೇ ಮತ್ತೆ ತರಿಸಿದ್ದಾನೆ. ಅತ್ತೆ ಆ ಚಿತ್ರವನ್ನು ನೋಡಬಾರದು. ಬೇರೆ ಏನು ಬೇಕಾದರೂ ಆಗಲಿ, ಅದೊಂದು ಆಗಬಾರದು.

ಮಾತಿಲ್ಲದ ಚಿತ್ರ ಅದು. ಪರದೆಯ ಮೇಲೆ ತುಟಿಗಳು ಆಡುತ್ತವೆ, ನಡುನಡುವೆ ಇಂಗ್ಲಿಷಿನ ಅಕ್ಷರ ಬಂದು ಹೋಗುತ್ತದೆ. ನೆಲದ ಮೇಲೆ ಕುಳಿತ ಕಾಫಿ ಎಸ್ಟೇಟಿನ ಕೂಲಿ ಲೈನಿನ ಜನಕ್ಕೆ ಅವಳು ಯಾಕೆ ಅಳುತ್ತಿದ್ದಾಳೆ, ಇವನು ಯಾಕೆ ಹೊಡೆಯುತ್ತಿದ್ದಾನೆ ಎಂದು ಹೇಳಲು ಒಬ್ಬ ಬೇಕು. ತಗಡಿನ ತುತ್ತೂರಿಯನ್ನು ಬಾಯಿಗೆ ಹಿಡಿದು ಪರದೆಯ ಪಕ್ಕ ನಿಲ್ಲುವ ಆ ಒಬ್ಬ, ರೇವಣ್ಣ. ಅವನ ಹೆಸರು ನಿಂತಿದ್ದು ಕೊನೆಯ ರೀಲಿನ ಮೇಲೆ. ಗಂಡ ಅನುಮಾನಪಟ್ಟು ಹೊರಗೆ ಹಾಕಿದ ಹೆಂಡತಿ ಯಾವುದೋ ಛತ್ರದಲ್ಲಿ ಮಲಗಿದ್ದಾಳೆ. ಗಂಡನಿಗೆ ನಿಜ ತಿಳಿಯುತ್ತದೆ, ಕುದುರೆ ಹತ್ತಿ ಓಡಿ ಬರುತ್ತಾನೆ. ಸರಿಯಾದ ಹೊತ್ತಿಗೇ ಬಂದುಬಿಡುತ್ತಾನೆ, ಬಡ್ಡಿಮಗ. ಚಿತ್ರದ ಗಂಡಂದಿರು ಯಾವತ್ತೂ ತಡವಾಗಿ ಬಂದದ್ದನ್ನು ರೇವಣ್ಣ ಕಂಡಿಲ್ಲ. ಅವಳು ನೀರು ಕೇಳುತ್ತಾಳೆ. ಆ ನೀರನ್ನು ರೇವಣ್ಣ ನಾಲ್ಕು ಭಾಷೆಯಲ್ಲಿ ಕೇಳುತ್ತಿದ್ದ: ನೀರು ಎಂದು, ವೆಳ್ಳಂ ಎಂದು, ತಣ್ಣಿ ಎಂದು, ಪಾನಿ ಎಂದು, ಒಂದಕ್ಕಿಂತ ಒಂದು ಇಳಿದ ದನಿಯಲ್ಲಿ. ಒಂದೊಂದು ಮಾತಿಗೂ ಟೆಂಟಿನ ಒಂದೊಂದು ಮೂಲೆ ಬಿಕ್ಕುತ್ತಿತ್ತು. ಲೈನಿನಲ್ಲಿ ಚಳಿಜ್ವರಕ್ಕೆ ಕೂಸು ಕಳೆದುಕೊಂಡು ಮರುದಿನವೇ ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಕಾಫಿ ಪಿಕ್ಕಿಂಗಿಗೆ ಹೋದ ಹೆಂಗಸರು ಇಲ್ಲಿ ಬಂದು ಯಾರೋ ಊರಿಲ್ಲದ ಹೆಣ್ಣಿಗಾಗಿ ಸೆರಗು ಒದ್ದೆ ಮಾಡಿಕೊಂಡು ಹೋಗುತ್ತಿದ್ದರು. ಗಂಡ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆಳ್ಳಿಯ ಲೋಟದಿಂದ ನೀರು ಹನಿಸುತ್ತಾನೆ. ಅವಳು ಅವನ ಕೆನ್ನೆ ಮುಟ್ಟುತ್ತಾಳೆ. ಕೊನೆಗೆ ಬಾಗಿಲ ಕಡೆ ಕತ್ತು ತಿರುಗಿಸುತ್ತಾಳೆ. ಯಾಕೆ ತಿರುಗಿಸುತ್ತಾಳೆ ಎಂದು ಇಂಗ್ಲಿಷಿನ ಅಕ್ಷರದಲ್ಲಿ ಇಲ್ಲ. ರೇವಣ್ಣನೇ ಹುಟ್ಟಿಸಿದ: ‘ಅವ್ವ ಬಂದ್ಲಾ?’ ಆ ಎರಡು ಮಾತಿಗೆ ತಾಯಂದಿರೆಲ್ಲ ಗೊಳೋ ಎನ್ನುತ್ತಿದ್ದರು. ತಲೆ ಮಾತ್ರ ಚೆನ್ನಾಗಿ ಬಾಚಿರುತ್ತಿತ್ತು ಆ ಹೆಣ್ಣಿನದು, ಸಾಯುವಾಗಲೂ ಒಂದು ಕೂದಲು ಕೆದರುತ್ತಿರಲಿಲ್ಲ.

ಕಾಂತಮ್ಮನ ಕೂದಲು ಕೆದರಿ ಹಣೆಗೆ ಅಂಟಿತ್ತು. ಅದನ್ನು ಅವನು ಆಮೇಲೆ ನೋಡಿದ. ಹೋದ ವರ್ಷ, ಇದೇ ದಿನಗಳಲ್ಲಿ, ಸಂಜೆಯ ಆಟ ಕೊನೆಯ ರೀಲಿಗೆ ಬಂದಿದ್ದಾಗ, ಟೆಂಟಿನ ಅಂಚೆತ್ತಿ ಮಾರ ತಲೆ ಹಾಕಿದ್ದ. ಮಾರನ ಹೆಂಡತಿ ಚಿನ್ನಿ ಸೌದೆಹೊರೆ ತಂದು ಹಿಂಬಾಗಿಲಿಗೆ ಹಾಕುವವಳು, ಗದ್ದೆಯಾಚೆಯ ಲೈನಿನವಳು. ‘ಅಯ್ಯಾ, ಅಮ್ಮಂಗೆ ಜ್ವರ ಜೋರಾಗ್ಯದೆ, ಬರ್ಬೇಕಂತೆ.’ ಆಗ ಪರದೆಯ ಮೇಲಿನವಳು ಎರಡನೆಯ ಸಲ ನೀರು ಕೇಳುತ್ತಿದ್ದಳು. ಇನ್ನೂರು ಜನ ಉಸಿರು ಹಿಡಿದು ರೇವಣ್ಣನ ಬಾಯಿ ನೋಡುತ್ತಿದ್ದರು. ಅವನು ತುತ್ತೂರಿ ಇಳಿಸಲಿಲ್ಲ. ಎಡಗೈ ಎತ್ತಿ, ಅಂಗೈಯನ್ನು ಮಾರನ ಕಡೆ ತೋರಿಸಿದ. ತಾಳು. ಈ ರೀಲು ಮುಗಿಯಲಿ. ಬೆಳಿಗ್ಗೆ ಗಂಜಿ ಕುಡಿದು ಕುಳಿತಿದ್ದಳಲ್ಲ, ಕ್ವಿನೀನು ತಗೊಂಡಿದ್ದಳಲ್ಲ, ಎಲ್ಲಿಗೆ ಹೋಗುತ್ತಾಳೆ ಎಂದು ಮನಸ್ಸಿನೊಳಗೇ ಯಾರೋ ಅಂದರು. ರೀಲು ಮುಗಿಯಿತು, ಜನ ಸುತ್ತಿಕೊಂಡರು, ಒಬ್ಬ ಮಾಪಿಳ್ಳೆ ಕಾಕ ಎರಡೂ ಕೈ ಹಿಡಿದುಕೊಂಡು ಬಿಡಲಿಲ್ಲ, ಅವನೂ ಬಿಡಿಸಿಕೊಳ್ಳಲಿಲ್ಲ. ಬದು ದಾಟಿ ಮನೆಗೆ ಬಂದಾಗ ಚಿನ್ನಿ ಹೊಸಿಲಿನಾಚೆ ತಲೆ ತಗ್ಗಿಸಿ ನಿಂತಿದ್ದಳು. ‘ಅಯ್ಯಾ, ಅಮ್ಮ ಕೊನೇಲಿ...’ ಎಂದಳು. ಅವನು ಅವಳಿಗೂ ಅದೇ ಅಂಗೈ ತೋರಿಸಿದ. ಆಮೇಲೆ ಹೇಳು. ಆ ಆಮೇಲೆಗೆ ನಾಳೆ ವರ್ಷ ತುಂಬುತ್ತದೆ. ಪೇಟೆಯಲ್ಲಿ ಸೌದೆಹೊರೆ ಕಂಡರೆ ಸಾಕು, ಅದರ ಕೆಳಗೆ ಯಾರಿದ್ದಾರೆಂದು ನೋಡದೆ ಪಕ್ಕದ ಸಂದಿಗೆ ತಿರುಗುವುದು ಅವನಿಗೆ ಅಭ್ಯಾಸವಾಗಿತ್ತು.

ರುದ್ರಮ್ಮನಿಗೆ ಸುದ್ದಿ ಮುಟ್ಟಿ ಬಂದು ಸೇರುವಷ್ಟರಲ್ಲಿ ಮಣ್ಣಾಗಿ ಎರಡು ದಿನವಾಗಿತ್ತು. ಆಕೆ ಅಳಲಿಲ್ಲ. ಗೋಡೆಗೊರಗಿ ಕುಳಿತು, ‘ಹೇಳಿ. ಹೆಂಗ್ ಹೋದ್ಲು?’ ಎಂದರು. ಕೇಳಬೇಕಾದ್ದೇ. ಹೆತ್ತವಳಿಗೆ ಅಷ್ಟಾದರೂ ಬೇಡವೇ? ನಂಗೆ ಗೊತ್ತಿಲ್ಲ, ನಾನು ಇರಲಿಲ್ಲ ಎನ್ನಲು ರೇವಣ್ಣ ಬಾಯಿ ತೆಗೆದ. ತೆಗೆದ ಬಾಯಿಗೆ ದಿನಾ ಬರುವ ಮಾತು ಬಂತು. ‘ನೀರು ಅಂದ್ಲು ಅತ್ತೆ. ತಲೆ ಎತ್ತಿ ತೊಡೆ ಮೇಲಿಟ್ಕಂಡೆ. ಹಿತ್ತಾಳೆ ಲೋಟದಲ್ಲಿ ಎರಡು ಗುಟುಕು ಕುಡಿಸ್ದೆ. ನನ್ ಕೆನ್ನೆ ಮುಟ್ಟಿದ್ಲು. ಆಮೇಲೆ ಬಾಗಿಲ ಕಡೆ ತಿರುಗಿ, ಅವ್ವ ಬಂದ್ಲಾ ಅಂದ್ಲು. ಅಷ್ಟೇ.’ ಒಂದು ಮಾತೂ ತಡವರಿಸಲಿಲ್ಲ. ಬೆಳ್ಳಿಯ ಲೋಟವನ್ನು ಹಿತ್ತಾಳೆಯದಾಗಿ ಮಾಡುವಷ್ಟು ಎಚ್ಚರ ಆ ಹೊತ್ತಿನಲ್ಲೂ ಇತ್ತಲ್ಲ, ಅದನ್ನು ನೆನೆದರೆ ಈಗಲೂ ಅವನಿಗೆ ತನ್ನ ಬಾಯಿಯನ್ನು ಬೂದಿ ಹಾಕಿ ತಿಕ್ಕಬೇಕೆನಿಸುತ್ತದೆ. ರುದ್ರಮ್ಮ ಆ ಲೋಟವನ್ನು ಕೇಳಿ ತೆಗೆದುಕೊಂಡು ಅವತ್ತಿನ ಬಸ್ಸಿಗೇ ಹೊರಟುಹೋದರು.

ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ರುದ್ರಮ್ಮ ವರ್ಷದಲ್ಲಿ ಹತ್ತು ವರ್ಷದಷ್ಟು ಇಳಿದಿದ್ದರು. ಹಣೆಯ ವಿಭೂತಿ ಬೆವರಿಗೆ ಕದಡಿತ್ತು. ಮನೆಗೆ ಬಂದು ಕಾಲು ತೊಳೆದು, ಚೀಲ ಬಿಚ್ಚಿ, ಬಿಲ್ವಪತ್ರೆಯ ಪೊಟ್ಟಣದ ಜೊತೆಗೆ ಆ ಹಿತ್ತಾಳೆ ಲೋಟವನ್ನೂ ಹೊರಗಿಟ್ಟರು. ಹುಳಿ ಹಾಕಿ ಬೆಳಗಿದ್ದರು, ಹೊಳೆಯುತ್ತಿತ್ತು. ರೇವಣ್ಣ ಅದರ ಕಡೆ ನೋಡದೆ ಅನ್ನ ಬಡಿಸಿದ. ಆಕೆ ಎರಡು ತುತ್ತು ಉಂಡು ಕೈ ನಿಲ್ಲಿಸಿದರು.

‘ಒಂದು ಮಾತು ಹೇಳ್ಬೇಕು ನಿಮ್ಗೆ. ಯಾರಿಗೂ ಹೇಳಿಲ್ಲ.’

‘ಹೇಳಿ ಅತ್ತೆ.’

‘ಊರಲ್ಲಿ ಎಲ್ರಿಗೂ ಹೇಳಿದೀನಿ, ನನ್ ಮಗಳು ಗಂಡನ ತೊಡೆ ಮೇಲೆ ಹೋದ್ಲು, ಮುತ್ತೈದೆ ಸಾವು, ಲಿಂಗೈಕ್ಯ ಆದ್ಲು ಅಂತ. ಕೇಳ್ದವ್ರೆಲ್ಲ ಪುಣ್ಯವಂತೆ ಅಂತಾರೆ. ಆದ್ರೆ ಆ ಕೊನೇ ಮಾತು ಅದೆಯಲ್ಲ, ಅವ್ವ ಬಂದ್ಲಾ ಅಂತ... ಅದು ನನ್ನ ತಿಂತದೆ ಕಣಪ್ಪ. ಜ್ವರ ಅಂತ ಕಾಗದ ಬಂದಾಗ ಹಸ ಈಯೋದಿದೆ, ನಾಕು ದಿನ ಕಳೆದು ಹೋದ್ರಾಯ್ತು ಅಂತ ಕೂತ್ಕಂಡೆ ನಾನು. ಮಗಳು ಬಾಗಿಲು ನೋಡ್ತಾ ಪ್ರಾಣ ಬಿಟ್ಲು, ನಾನು ಹಸುವಿನ ಬಾಲ ಹಿಡ್ಕಂಡು ಕೂತಿದ್ದೆ. ಅಳೋಕೂ ಬರ್ತಿಲ್ಲ ನಂಗೆ. ಬಾಗಿಲಿಗೆ ಯಾರಾದ್ರೂ ಬಂದ್ರೆ ಬೆಚ್ಚಿಬೀಳ್ತೀನಿ.’

ಹೇಳಿಬಿಡು ಎಂದು ರೇವಣ್ಣನ ಎದೆ ಹೊಡೆದುಕೊಂಡಿತು. ಈಗ ಹೇಳಿಬಿಡು, ಆಕೆ ಕಾದಿರುವುದೇ ಅದಕ್ಕೆ. ಆ ಮಾತು ನಿನ್ನ ಮಗಳದಲ್ಲ ತಾಯಿ, ನಾನು ಹೊಟ್ಟೆಪಾಡಿಗೆ ಹೊಸೆದದ್ದು, ನಿನ್ನ ಹಸುವಿಗೂ ನಿನ್ನ ಮಗಳ ಸಾವಿಗೂ ಸಂಬಂಧವಿಲ್ಲ. ಆದರೆ ಆ ಒಂದನ್ನು ಕಿತ್ತರೆ ಉಳಿದದ್ದು ನಿಲ್ಲುತ್ತದೆಯೇ? ತೊಡೆ ಹೋಗುತ್ತದೆ, ನೀರು ಹೋಗುತ್ತದೆ, ಮುತ್ತೈದೆ ಸಾವಿನ ಪುಣ್ಯ ಹೋಗುತ್ತದೆ, ಎಲ್ಲ ಹೋಗಿ ಕೊನೆಗೆ ಎತ್ತಿದ ಅಂಗೈ ಒಂದು ಉಳಿಯುತ್ತದೆ. ಅವನು ಮಜ್ಜಿಗೆ ಬಗ್ಗಿಸಿದ. ಅರ್ಧ ಎಲೆಯ ಹೊರಗೆ ಬಿತ್ತು.

‘ಅದಿರ್ಲಿ,’ ಎಂದರು ರುದ್ರಮ್ಮ, ಸೆರಗಿನಿಂದ ನೆಲ ಒರೆಸುತ್ತ. ‘ಬಸ್ಸಲ್ಲಿ ಒಬ್ಬಳು ಹೇಳಿದ್ಲು. ಮೂರ್ನಾಡಿಗೆ ಹೋಯ್ತಿದೀರಾ, ಅಲ್ಲಿ ರೇವಣ್ಣ ಅಂತ ಒಬ್ರು ಅವ್ರೆ, ಸತ್ತೋಳ ಬಾಯಲ್ಲಿ ಮಾತಾಡಿಸ್ತಾರೆ ಅಂದ್ಲು. ನಮ್ಮ ಅಳಿಯಂದ್ರೇ ಕಣೇ ಅಂದೆ. ಇವತ್ತು ನಾನೂ ಬತ್ತೀನಿ.’

‘ಬ್ಯಾಡ ಅತ್ತೆ. ಹೊಗೆ, ಗಲಾಟೆ, ಎಲ್ಲಾ ಜಾತಿಯೋರೂ ಒತ್ಕಂಡು ಕೂತಿರ್ತಾರೆ. ನಾಳೆ ಪೂಜೆ ಬೇರೆ ಅದೆ.’

‘ನನ್ ಮಗಳಿಗೆ ನೀರು ಕೊಟ್ಟ ಕೈ ಏನ್ ಕೆಲ್ಸ ಮಾಡ್ತದೆ ಅಂತ ನೋಡ್ಬಾರ್ದಾ ನಾನು?’

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ರೇವಣ್ಣ ಊಟದ ಎಲೆಯನ್ನೂ ಎತ್ತದೆ ಬದು ದಾಟಿ ಟೆಂಟಿಗೆ ಹೋದ. ಸಾಂತಪ್ಪ ಮರದ ಪೆಟ್ಟಿಗೆಯ ಮೇಲೆ ಕುಳಿತು ದೀಪದ ಗಾಜು ಒರೆಸುತ್ತಿದ್ದ. ಘಟ್ಟದ ಕೆಳಗಿನವನು, ದಪ್ಪಗೆ, ದೊಡ್ಡ ನಗೆಯವನು. ಇವತ್ತೊಂದು ದಿನ ಬೇರೆ ಚಿತ್ರ ಹಾಕಲು ಸಾಧ್ಯವೇ ಎಂದು ರೇವಣ್ಣ ಕೇಳಿದ್ದಕ್ಕೆ ಅವನ ನಗು ನಿಂತಿತು.

‘ಬೇರೆ ಎಲ್ಲುಂಟು ಮಾರಾಯ? ಇದ್ದದ್ದು ಇದೊಂದೇ. ಬಿಟ್ಟಂಗಾಲದಿಂದ ಗಾಡಿ ಕಟ್ಟಿಕೊಂಡು ಜನ ಬರ್ತಾ ಇದ್ದಾರೆ. ಎಂತದು, ಹುಷಾರಿಲ್ವಾ?’

‘ಹಂಗಾದ್ರೆ ಕೊನೇ ರೀಲು ಬಿಡಿ. ಗಂಡ ಕುದುರೆ ಹತ್ತಿದಲ್ಲಿಗೆ ಮುಗಿಸಿ. ಬಂದ, ಕರ್ಕಂಡು ಹೋದ, ಸುಖವಾಗಿದ್ರು ಅಂತ ನಾನು ಹೇಳ್ತೀನಿ.’

‘ನಿನಗೆ ಮಂಡೆ ಸರಿ ಉಂಟಾ?’ ಸಾಂತಪ್ಪ ಎದ್ದು ನಿಂತ. ‘ಅವಳು ಸಾಯ್ಲಿಕ್ಕೆ ಅಂತಲೇ ಜನ ಬರೋದು. ಬದುಕಿಸಿದ್ರೆ ಟೆಂಟಿಗೆ ಬೆಂಕಿ ಇಟ್ಟಾರು. ಅಳಿಸು ಮಾರಾಯ, ನಿನ್ನ ಕೆಲಸ ಅಷ್ಟೇ. ಹೋದ ವರ್ಷ ನಿನ್ನ ಹೆಂಡತಿ ತೀರಿಕೊಂಡ ಮೂರನೇ ದಿನ ಬಂದು ನಿಂತೆಯಲ್ಲ, ಆಗ ಅಳಿಸಿದ ಹಾಗೆ ಇನ್ನು ಯಾವತ್ತೂ ಅಳಿಸಲಿಲ್ಲ ನೀನು.’ ಹೊಗಳಿಕೆಯೆಂದೇ ಅವನು ಅದನ್ನು ಹೇಳಿದ್ದ. ಮೂರನೇ ದಿನ ಅವನು ನಿಂತದ್ದು ನಿಜ. ಪರದೆಯ ಮೇಲಿನವಳು ಸತ್ತಾಗ ಕಾಂತಮ್ಮನಿಗಾಗಿ ಒಂದು ಹನಿ ಬರಬಹುದೆಂದು ಕಾದಿದ್ದು ನಿಜ. ಇನ್ನೂರು ಜನ ಅತ್ತರು, ಅವನು ಅವರು ಎಲ್ಲಿ ಅಳುತ್ತಿದ್ದಾರೆಂದು ನೋಡಿಕೊಂಡು ದನಿ ಏರಿಸಿದ, ಇಳಿಸಿದ. ಇವತ್ತಿನವರೆಗೂ ಆ ಹನಿ ಬಂದಿಲ್ಲ.

ಸರಿ, ಚಿತ್ರ ಬದಲಿಸಲಾಗದಿದ್ದರೆ ಮಾತು ಬದಲಿಸಿದರಾಯಿತು. ಅವನು ಕುಯ್ದ ಪೈರಿನ ಕೂಳೆಯ ನಡುವೆ ಅತ್ತಿಂದಿತ್ತ ನಡೆಯುತ್ತ ಅಭ್ಯಾಸ ಮಾಡಿದ. ತುಟಿ ಆಡುತ್ತದೆ, ಸರಿ, ಏನಾದರೂ ಆಡಲಿ. ನೀರಲ್ಲ, ಔಷಧಿ ಕೇಳುತ್ತಿದ್ದಾಳೆ. ಲೋಟದಲ್ಲಿರುವುದು ಹಾಲು. ಬಾಗಿಲ ಕಡೆ ಯಾಕೆ ತಿರುಗುತ್ತಾಳೆ? ದೇವದೂತರು ಬಂದಿದ್ದಾರೆ. ಥೂ, ಯಾರು ನಂಬುತ್ತಾರೆ? ಮಗುವನ್ನು ಕರೆಯುತ್ತಾಳೆ ಎನ್ನಲೇ? ಹಿಂದಿನ ಒಂದು ರೀಲಿನಲ್ಲೂ ಮಗುವಿಲ್ಲ. ಆ ತೊಡೆಯನ್ನು ಏನು ಮಾಡುವುದು? ಕಾಣುವ ತೊಡೆಯನ್ನು ಮಾತಿನಿಂದ ಮುಚ್ಚಲಾಗುತ್ತದೆಯೇ? ಅತ್ತೆಗೆ ಕಣ್ಣು ಮಂಜು, ಹಿಂದೆ ಕೂರಿಸಿದರೆ ಕಾಣಲಿಕ್ಕಿಲ್ಲ ಎಂಬ ಆಸೆ ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು. ಒಬ್ಬ ಮುದುಕಿಯ ಕಣ್ಣು ಕಾಣದಿರಲಿ ಎಂದು ಶಿವನನ್ನು ಬೇಡಿಕೊಳ್ಳುವ ಮಟ್ಟಕ್ಕೆ ಬಂದೆಯಲ್ಲೋ ರೇವಣ್ಣ. ಗದ್ದೆಯಾಚೆಯ ಲೈನಿನಿಂದ ಹೆಂಗಸೊಬ್ಬಳು ಕಣ್ಣಿಗೆ ಕೈ ಅಡ್ಡ ಹಿಡಿದು ಇವನತ್ತ ನೋಡುತ್ತಿದ್ದಳು. ಚಿನ್ನಿಯೇ ಇರಬೇಕು. ಅವನು ಬೆನ್ನು ತಿರುಗಿಸಿದ.

ಆರಕ್ಕೆಲ್ಲ ಕತ್ತಲೆಯಾಗುವ ಕಾಲ. ಆಟ ಶುರುವಾಗುವಾಗ ರುದ್ರಮ್ಮ ಹೆಂಗಸರ ಕಡೆ ಮೊದಲನೆಯ ಸಾಲಿನಲ್ಲೇ ಕುಳಿತಿದ್ದರು. ಕತೆ ಹೇಳುವವರ ಅತ್ತೆ ಎಂದು ಸಾಂತಪ್ಪನೇ ಮುಂದೆ ಕರೆದು ತಂದು ಚಾಪೆ ಹಾಸಿಕೊಟ್ಟಿದ್ದ. ಹಾರ್ಮೋನಿಯಂ ಎಳೆಯಿತು, ಬೆಳಕು ಬಿತ್ತು. ಮೊದಲ ರೀಲುಗಳನ್ನು ರೇವಣ್ಣ ಹೇಗೆ ದಾಟಿದನೋ ಅವನಿಗೇ ತಿಳಿಯದು. ನಗಿಸಬೇಕಾದಲ್ಲಿ ಜನ ನಕ್ಕರು. ಪರದೆಯ ಬೆಳಕು ವಾಪಸು ಬಿದ್ದು ಅತ್ತೆಯ ಮುಖ ಕಾಣುತ್ತಿತ್ತು. ಬಾಯಿ ಸ್ವಲ್ಪ ತೆರೆದಿತ್ತು. ಗಂಡ ಹೆಂಡತಿಯನ್ನು ಹೊರಗೆ ಹಾಕಿದಾಗ ಆಕೆ ಎಲ್ಲರಿಗೂ ಕೇಳುವಂತೆ ‘ಹಾಳಾದೋನೆ’ ಎಂದರು, ಪಕ್ಕದವಳು ಹೌದೌದು ಎಂದಳು. ಒಂದು ಕ್ಷಣ ಅವನಿಗೆ ಎಲ್ಲವೂ ಸರಿಹೋಗಬಹುದೆನ್ನಿಸಿತು. ಆಮೇಲೆ ಛತ್ರ ಬಂತು, ಮಂಚ ಬಂತು, ಕುದುರೆ ಬಂತು.

ಗಂಡ ಮಂಚದ ಹತ್ತಿರ ಕುಸಿದ. ಅವಳ ತುಟಿ ಆಡಿತು. ಔಷಧಿ ಎನ್ನಬೇಕು. ರೇವಣ್ಣ ಉಸಿರೆಳೆದ. ಆದರೆ ಎರಡು ವರ್ಷದಿಂದ ಆ ತುಟಿ ಆಡಿದಾಗಲೆಲ್ಲ ಆಡಿದ ನಾಲಿಗೆ ಅವನ ಮಾತು ಕೇಳಲಿಲ್ಲ. ‘ನೀರು...’ ಎಂದಿತು. ‘ವೆಳ್ಳಂ... ತಣ್ಣಿ...’ ಟೆಂಟಿನ ಮೂಲೆಗಳು ಬಿಕ್ಕತೊಡಗಿದವು. ತೊಡೆ ಬಂತು. ಲೋಟ ಬಂತು. ಅವನು ಅತ್ತೆಯನ್ನು ನೋಡಿದ. ಆಕೆ ಅಳುತ್ತಿರಲಿಲ್ಲ. ಕತ್ತು ಮುಂದೆ ಚಾಚಿ, ಸೂಜಿಗೆ ದಾರ ಪೋಣಿಸುವವರಂತೆ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದರು. ಪರದೆಯ ಮೇಲಿನ ಕೈ ಕೆನ್ನೆ ಮುಟ್ಟಿತು. ರೇವಣ್ಣನ ತುತ್ತೂರಿಯೊಳಗೆ ಬರಿಯ ಉಸಿರು ಹೋಯಿತು. ಪರದೆಯವಳು ಬಾಗಿಲ ಕಡೆ ಕತ್ತು ತಿರುಗಿಸಿದಳು. ಆಗ ಮೊದಲನೆಯ ಸಾಲಿನಿಂದ ಒಂದು ಒಣದನಿ, ತುತ್ತೂರಿಯಿಲ್ಲದೆ, ಸಂತೆಯಲ್ಲಿ ಕಳವಾದ ಸಾಮಾನಿನ ಗುರುತು ಹಿಡಿದವರು ಹೇಳುವಂತೆ ಹೇಳಿತು:

‘ಅವ್ವ ಬಂದ್ಲಾ.’

ಮುಂದಿನ ಸಾಲಿನವರು ಆ ಕಡೆ ತಿರುಗಿದರು. ರುದ್ರಮ್ಮ ಎದ್ದು ನಿಂತರು. ಬೆಳಕಿಗೆ ಅಡ್ಡವಾದರು, ಸಾಯುತ್ತಿದ್ದವಳ ಮುಖ ಆಕೆಯ ಬೆನ್ನಿನ ಮೇಲೆ ಬಿತ್ತು, ಪರದೆಯ ಮೇಲೆ ಆಕೆಯ ದೊಡ್ಡ ನೆರಳು. ‘ಕೂತ್ಕೊಳ್ಳೇ ಮುದುಕಿ’ ಎಂದು ಯಾರೋ ಕೂಗಿದರು. ‘ಕತೆ ಹೇಳಯ್ಯಾ’ ಎಂದು ಇನ್ನೊಂದು ಕಡೆಯಿಂದ ಶಿಳ್ಳೆ ಬಂತು. ಆಕೆ ಕುಳಿತವರನ್ನು ಒಬ್ಬೊಬ್ಬರನ್ನೇ ದಾಟಿಕೊಂಡು ಹೊರಗೆ ಹೋದರು. ರೇವಣ್ಣ ತುತ್ತೂರಿಯನ್ನು ನೆಲಕ್ಕಿಟ್ಟ. ಸಾಂತಪ್ಪ ರಟ್ಟೆ ಹಿಡಿದ, ಹಲ್ಲು ಕಚ್ಚಿ ಏನೋ ಬೈದ. ಹೋದ ವರ್ಷ ಬಿಡಿಸಿಕೊಳ್ಳದ ಕೈಯನ್ನು ಈ ಸಲ ಬಿಡಿಸಿಕೊಂಡು ಅವನು ಹೊರಗೆ ಓಡಿದ.

ಬದುವಿನ ಮೇಲೆ ಆಕೆ ನಿಂತಿದ್ದರು. ಅವನು ಹತ್ತಿರ ಬಂದದ್ದು ಗೊತ್ತಾದರೂ ತಿರುಗಲಿಲ್ಲ.

‘ಅತ್ತೆ.’

‘ನೀನಿರ್ಲಿಲ್ಲ.’ ಹತ್ತು ವರ್ಷದಲ್ಲಿ ಆಕೆ ಅವನನ್ನು ನೀನು ಎಂದದ್ದು ಅದೇ ಮೊದಲು.

‘ಇರ್ಲಿಲ್ಲ. ಇಲ್ಲಿದ್ದೆ. ಮಾರ ಬಂದು ಕರೆದ. ತಾಳು ಅಂದೆ.’

ಹೊಡೆಯಲಿ, ಉಗಿಯಲಿ, ಮಣ್ಣು ತೂರಲಿ ಎಂದು ಅವನು ಕಾದ. ಆಕೆ ಕೇಳಿದ್ದು ಹೋದ ವರ್ಷ ಕೇಳಿದ್ದನ್ನೇ.

‘ಹಂಗಾದ್ರೆ ನನ್ ಮಗಳು ಹೆಂಗ್ ಹೋದ್ಲು?’

‘ನಂಗೆ ಗೊತ್ತಿಲ್ಲ ಅತ್ತೆ.’

‘ಯಾರಿಗ್ ಗೊತ್ತು?’

‘ಚಿನ್ನಿಗೆ. ಸೌದೆ ತರೋಳು. ಲೈನಿನೋಳು.’ ಅವಳ ಜಾತಿಯನ್ನು ಅತ್ತೆ ಕೇಳುತ್ತಾರೆ, ಕೇಳಿಯೇ ಕೇಳುತ್ತಾರೆ.

‘ಒಂದ್ ವರ್ಷದಿಂದ ನೀನು ಅವಳ್ನ ಕೇಳ್ಲಿಲ್ವಾ?’

‘ಇಲ್ಲ.’

‘ಹೋಗಿ ಕರ್ಕಂಡ್ ಬಾ.’

ಲೈನಿಗೆ ಹೋಗಿ ಬರುವಷ್ಟು ಹೊತ್ತೂ ಅವನು ಏನನ್ನೂ ಯೋಚಿಸಲಿಲ್ಲ. ಚಿನ್ನಿ ಏನೆಂದು ಕೇಳದೆ ಸೆರಗು ಹೊದ್ದು ಹಿಂದೆ ಬಂದಳು, ಈ ಕರೆ ಬರುತ್ತದೆಂದು ಗೊತ್ತಿದ್ದವಳಂತೆ. ಮನೆಯಲ್ಲಿ ರುದ್ರಮ್ಮ ಚಿಮಣಿ ಹಚ್ಚಿಟ್ಟು, ಹಿಂಬಾಗಿಲು ತೆರೆದು, ಗೋಡೆಗೆ ಒರಗಿ ಕುಳಿತಿದ್ದರು. ಚಿನ್ನಿ ಎಂದಿನ ಹಾಗೆ ಹೊಸಿಲಿನಾಚೆಯೇ ನಿಂತಳು.

‘ಒಳಗ್ ಬಾ.’

‘ಇಲ್ಲೇ ಹೇಳ್ತೀನಿ ಅವ್ವಾ.’

‘ಅವತ್ತು ಒಳಗೇ ಇದ್ಯಲ್ಲ. ಬಾ, ಕೂತ್ಕ. ಎಲ್ಲಿದ್ಲು ಅವಳು?’

ಚಿನ್ನಿ ಒಳಗೆ ಬಂದಳು. ನೆಲದ ಮೇಲೆ ಒಂದು ಜಾಗ ತೋರಿಸಿದಳು, ರುದ್ರಮ್ಮ ಕುಳಿತಲ್ಲಿಂದ ಒಂದು ಮಾರು ದೂರ. ಅಲ್ಲೇ ಕುಳಿತಳು. ‘ಸೌದೆ ಹಾಕಕ್ಕೆ ಬಂದೆ. ಕರ್ದೆ, ಮಾತಾಡ್ಲಿಲ್ಲ. ಇಣುಕಿ ನೋಡಿದ್ರೆ ಚಾಪೆಯಿಂದ ಆಚೆ ಬಿದ್ದಿದ್ರು. ನಡುಕ. ಮಾರನ್ನ ಟೆಂಟಿಗೆ ಓಡಿಸ್ದೆ. ನಾನು... ತಲೆ ಎತ್ತಿ ಇಲ್ಲಿ ಇಟ್ಕಂಡೆ.’ ಅವಳು ತನ್ನ ತೊಡೆ ಮುಟ್ಟಿಕೊಂಡಳು. ‘ಬೇರೆ ಯಾರೂ ಇರ್ಲಿಲ್ಲ. ತಪ್ಪಾಯ್ತು ಅವ್ವಾ.’

‘ನೀರು ಕೇಳಿದ್ಲಾ?’

‘ಇಲ್ಲ. ಕೊಡಕ್ಕೆ ಹೋದೆ, ಬ್ಯಾಡ ಅಂತ ತುಟಿ ಮುಚ್ಕಂಡ್ರು.’

‘ನನ್ನ ಕೇಳಿದ್ಲಾ? ಅವ್ವ ಅಂದ್ಲಾ?’

ಚಿನ್ನಿ ಆಕೆಯ ಮುಖ ನೋಡಿದಳು. ಹೌದು ಎಂದರೆ ಸಂತೋಷವೋ ಇಲ್ಲ ಎಂದರೆ ಸಂತೋಷವೋ ಅವಳಿಗೆ ತಿಳಿಯಲಿಲ್ಲ, ಅದಕ್ಕೇ ನಿಜ ಹೇಳಿದಳು. ‘ಇಲ್ಲ ಅವ್ವಾ. ಯಾರನ್ನೂ ಕೇಳ್ಲಿಲ್ಲ. ಕಣ್ಣು ಬಿಟ್ಟು, ಬಾಗಿಲು ಹಾಕು ಅಂದ್ರು. ಇದೇ ಬಾಗಿಲು. ನಿಧಾನಕ್ಕೆ ತಲೆ ಇಳಿಸಿ, ಎದ್ದೋಗಿ ಹಾಕ್ದೆ. ತಿರುಗಿ ಬರೋದ್ರೊಳಗೆ ಹೋಗಿದ್ರು. ಅಷ್ಟೇ. ಚಳಿಗೆ ಹೇಳಿದ್ರೋ, ಮತ್ತೆ...’ ಅವಳು ರೇವಣ್ಣನ ಕಡೆ ನೋಡಲಿಲ್ಲ. ಮಾತು ಅಲ್ಲಿಗೇ ಬಿಟ್ಟಳು.

‘ಬಾಗಿಲು ಹಾಕು ಅಂದ್ಲಾ?’ ಎಂದರು ರುದ್ರಮ್ಮ. ಆಮೇಲೆ ಮತ್ತೊಮ್ಮೆ, ಬೇರೆ ದನಿಯಲ್ಲಿ, ಮನೆಯೊಳಗಿನ ಯಾರಿಗೋ ಹೇಳುವಂತೆ, ‘ಬಾಗಿಲು ಹಾಕು.’ ಆಕೆಯ ಮುಖ ಸಡಿಲವಾಯಿತು. ‘ಅವಳೇ. ನನ್ ಮಗಳೇ ಅದು. ಸಣ್ಣವಳಿದ್ದಾಗ್ಲಿಂದ ಹಂಗೇ ಕಣೇ, ಬಾಗಿಲು ಒಂದು ಬೆರಳು ತೆರೆದಿದ್ರೂ ನಿದ್ದೆ ಹತ್ತಾ ಇರ್ಲಿಲ್ಲ ಅವಳಿಗೆ. ದಿನಾ ನನ್ನ ಎಬ್ಬಿಸೋಳು. ಬಾಗಿಲು ಹಾಕವ್ವಾ, ಬಾಗಿಲು ಹಾಕವ್ವಾ ಅಂತ. ಬೈತಿದ್ದೆ ನಾನು...’ ಒಂದು ವರ್ಷದ ಅಳು ಒಮ್ಮೆಗೇ ಬಂತು. ಆಕೆ ನೆಲದ ಆ ಜಾಗವನ್ನು ಅಂಗೈಯಿಂದ ತಟ್ಟುತ್ತ, ಮುಂದಕ್ಕೆ ಬಾಗಿ, ಕೊನೆಗೆ ಚಿನ್ನಿಯ ತೊಡೆಯ ಮೇಲೆಯೇ ತಲೆ ಹಾಕಿ ಅತ್ತರು. ಚಿನ್ನಿ ಕೈ ಎಲ್ಲಿಡುವುದೆಂದು ತಿಳಿಯದೆ ಗಾಳಿಯಲ್ಲಿ ಹಿಡಿದಿದ್ದವಳು ಆಮೇಲೆ ಮೆಲ್ಲಗೆ ಆಕೆಯ ಬೆನ್ನ ಮೇಲಿಟ್ಟಳು.

ರೇವಣ್ಣ ಕಂಬದ ಹತ್ತಿರ ನಿಂತಿದ್ದ. ಈ ಅಳುವಿನಲ್ಲಿ ತನಗೂ ಒಂದು ಪಾಲಿರಬಹುದು ಎಂದು ಕಾದ. ಇರಲಿಲ್ಲ. ಆಕೆಗೆ ಮಗಳು ಸಿಕ್ಕಿದಳು, ಬಾಗಿಲು ತೆರೆದಿದ್ದರೆ ನಿದ್ದೆ ಬಾರದ ಮಗಳು. ಹತ್ತು ವರ್ಷ ಪಕ್ಕದಲ್ಲಿ ಮಲಗಿದವನಿಗೆ ಅದು ಗೊತ್ತಿರಲಿಲ್ಲ. ಅವನು ಮನೆಗೆ ಬರುವ ಹೊತ್ತಿಗೆ ಅವಳು ಬಾಗಿಲು ಹಾಕಿ, ಮಲಗಿ, ಮತ್ತೆ ಎದ್ದು ತೆಗೆಯುತ್ತಿದ್ದಳು. ರುದ್ರಮ್ಮ ಕೊನೆಗೆ ಎದ್ದು ಕುಳಿತು ಮೂಗು ಒರೆಸಿಕೊಂಡರು. ಕೈಗೆ ಸಿಕ್ಕಿದ ಹಿತ್ತಾಳೆ ಲೋಟವನ್ನು ಅವನ ಕಡೆ ಸರಿಸಿದರು. ‘ಇದು ನಿನ್ ಮನೇದು. ಇಟ್ಕ.’ ಬೈಗುಳವಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಆಗ ಗದ್ದೆಯ ಕಡೆಯಿಂದ ಹಾರ್ಮೋನಿಯಂ ಕೇಳಿಸಿತು. ಜನ ಬಿಡಲಿಲ್ಲವೆಂದು ಕಾಣುತ್ತದೆ, ಸಾಂತಪ್ಪ ಕೊನೆಯ ರೀಲನ್ನು ಮತ್ತೆ ಸುತ್ತಿಸಿ ಹಾಕಿದ್ದ. ತುತ್ತೂರಿ ಅವನೇ ಹಿಡಿದಿದ್ದ. ಒರಟು ದನಿ, ಆದರೆ ಮಾತೆಲ್ಲ ಬಾಯಿಪಾಠ. ‘ನೀರು... ವೆಳ್ಳಂ...’ ಒಂದೊಂದು ಅಕ್ಷರವೂ ಪಕ್ಕದ ಕೋಣೆಯಲ್ಲಿ ನಿಂತು ಹೇಳಿದಷ್ಟು ಸ್ಪಷ್ಟವಾಗಿ ಹಿಂಬಾಗಿಲಿನಿಂದ ಒಳಗೆ ಬಂತು. ಮನೆ ಟೆಂಟಿಗೆ ಹತ್ತಿರವೆಂದು ಅವನಿಗೆ ಗೊತ್ತಿತ್ತು. ಎಷ್ಟು ಹತ್ತಿರವೆಂದು ಗೊತ್ತಿರಲಿಲ್ಲ. ಆ ದನಿ ಎದ್ದಾಗಲೆಲ್ಲ ಅವನು ಆ ಕಡೆಯಲ್ಲಿದ್ದ, ಈ ಕಡೆ ಕುಳಿತು ಕೇಳಿದವನಲ್ಲ. ಚಿನ್ನಿ ತಲೆ ತಗ್ಗಿಸಿದಳು. ರುದ್ರಮ್ಮ ಅವಳನ್ನು ನೋಡಿದರು, ಆಮೇಲೆ ಬಾಗಿಲನ್ನು ನೋಡಿದರು, ಕೊನೆಗೆ ಅವನನ್ನು.

ರೇವಣ್ಣ ಹೋಗಿ ಬಾಗಿಲು ಹಾಕಿದ. ಅಗುಳಿ ಸರಿಸಿದ. ಹಣೆಯನ್ನು ಹಲಗೆಗೆ ಒತ್ತಿ ನಿಂತ. ಮರದಾಚೆಯಿಂದ ‘ಪಾನಿ...’ ಎಂದಿತು, ಜನ ಬಿಕ್ಕಿದ್ದು ಕೂಡ ಕೇಳಿಸಿತು.

‘ಬಾಗಿಲು ಹಾಕಿದ್ ಮೇಲೂ ಇಷ್ಟು ಕೇಳ್ತದಾ ಇಲ್ಲಿಗೆ?’ ಎಂದರು ರುದ್ರಮ್ಮ.

‘ಅವತ್ತೂ ಎಲ್ಲಾ ಕೇಳ್ತಿತ್ತು ಅವ್ವಾ,’ ಎಂದಳು ಚಿನ್ನಿ.